ಪೆಟಿಗಿಯೊಳಗಿನ ಕುಂಟ ಮಗ್ಗ

ನಾ ಹನ್ನೂರ ಸಾಲ್ಯಾಗ ನಾಕನೇ ಇಯತ್ತಾ ತನಕ ಕಲಿತಾಕಿ. ಅಕ್ಷರ ಡೊಂಕ ಬರ್ತಾವ, ಬರಲಿ. ಲಗ್ನಾಗಿ ಸೊಲ್ಲಾಪುರಕ್ಕ ಬಂದ ಮ್ಯಾಲೆ ಮೂವತ್ತು ವರ್ಷ ಅಕ್ಕಲಕೋಟ ರಸ್ತೆ ಎಂಐಡಿಸಿಯೊಳಗ ಟಾವೆಲ್ ನೇಯೋ ಶೆಡ್ಡಿನ್ಯಾಗ ನಿಂತೆ. ಈಗ ಮಂದಿ ಮಾತು ಅರ್ಧ ಕೇಳಸೂದಿಲ್ಲ. ಮಗ್ಗ ಮಾತ್ರ ಪೂರಾ ಕೇಳಸ್ತದ. ನನ್ನ ಜಾಗಾದಾಗ ಈಗ ಸೊಸಿ ನಿಂತಾಳ.

ಮಗ ವಿಜಾಪುರ ರಸ್ತೆದಾಗ ಸ್ಪೀಕರ್ ರಿಪೇರಿ ಮಾಡ್ತಾನ. ನಲವತ್ತು ದಾಟ್ಯಾವ, ಆಟಗಿ ಹುಚ್ಚು ಬಿಟ್ಟಿಲ್ಲ. ಹೋದ ವರ್ಷ ಒಂದು ಹಳೇ ಪೆಟಿಗಿ ತಂದ. ಸೀಕ್ವೆನ್ಸರ್ ಅಂತ. ರೊಟ್ಟಿ ಡಬ್ಬಿಯಷ್ಟು ಅದ, ಮ್ಯಾಲೆ ಒಂದೇ ಸಾಲಿಗೆ ಹದಿನಾರು ಗುಂಡಿ. ಒತ್ತಿದ ಜಾಗಾದಾಗ ಸಪ್ಪಳ ಬರ್ತದ, ಒತ್ತದ ಜಾಗಾದಾಗ ಸುಮ್ಮ. ಹದಿನಾರು ಮುಗೀತಂದ್ರ ಮತ್ತ ಮೊದಲಿಂದ. ಚಾದರದ ಮಗ್ಗಕ್ಕ ತೂತಿನ ಪಟ್ಟಿ ಹಾಕ್ತಾರಲ್ಲ, ತೂತ ಇದ್ದಲ್ಲಿ ಎಳಿ ಏಳ್ತದ, ಹಂಗೇ.

"ಹಾಡೋರು ಯಾರಿದ್ದಾರ ಇದರಾಗ?" ಅಂದೆ.

"ಯಾರೂ ಇಲ್ಲ, ಅವ್ವ. ಇದು ಟೆಕ್ನೋ, ಮಶೀನಿನ ಸಂಗೀತ. ಅಮೇರಿಕಾದಾಗ ಮೋಟಾರ್ ಮಾಡೋ ಊರೊಂದು ಇತ್ತು. ಕಾರಖಾನಿ ಬಂದ್ ಬಿದ್ದವು. ಅಲ್ಲಿ ಹುಡುಗರು ಇಂಥಾ ಪೆಟಿಗಿ ಹಿಡಕೊಂಡು ಶುರು ಮಾಡಿದ್ರು."

"ಉಣ್ಣಾಕಿಲ್ಲ, ಮಶೀನಿನ ಸಪ್ಪಳ ಬೇಕಾತೇನು?"

"ನಾಕು ಸಲ ಕೇಳಿದ್ರ ಬ್ಯಾಸರ. ನಲವತ್ತು ಸಲ ಕೇಳು. ಒಳಗಿಂದು ಒಂದೊಂದೇ ಬಿಚ್ಚತದ."

ಕುಂತು ಕೇಳಿದೆ. ಅಂವ ಹೇಳಿದ್ದು ಖರೇ ಇತ್ತು. ಶೆಡ್ಡಿನ್ಯಾಗ ಮೂವತ್ತು ವರ್ಷ ನಾ ಅದನ್ನೇ ಮಾಡಿದ್ದೆ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಒಂದಿನ ಮಧ್ಯಾಹ್ನ ಜ್ವಾಳ ಹಸನ ಮಾಡಾಕತ್ತಿದ್ದೆ. ಅಂವ ಹೊಸಾದೊಂದು ಹಚ್ಚಿದ. ಎಡಕ್ಕ ಖಟ್. ಬಲಕ್ಕ ಒಂದು ಕೂದಲೆಳಿಯಷ್ಟು ತಡಾ ಮಾಡಿ ಖಟ್ಟ. ನನ್ನ ಕೈ ನಿಂತಿತು.

"ಇದು ಎಲ್ಲಿಂದು?"

"ನಿನ್ನ ಸೊಸಿ ಮಗ್ಗ. ನಿನ್ನೆ ಫೋನಿನ್ಯಾಗ ತುಂಬಕೊಂಡು ಬಂದಾಳ, ಅದನ್ನ ಹಂಗೇ ಪೆಟಿಗಿಯೊಳಗ ಇಳಿಸೀನಿ. ಆ ಕುಂಟೂದು ಕೇಳು, ಅವ್ವ. ಬೇಕಂತ ಮಾಡಿದ್ರೂ ಬರಂಗಿಲ್ಲ."

ಆ ಕುಂಟ ಏಟು ನಾ ಒಮ್ಮಿ ಕೇಳಿದ್ದೆ, ನನ್ನ ಮಗ್ಗದಾಗ. ಎರಡು ದಿನ ಕೇಳಿದೆ. ಬಟ್ಟಿ ಚೊಲೋ ಬರ್ತಿತ್ತು. ಮಗ್ಗ ರಿಪೇರಿ ಮಾಡೋ ಆಗಿನ ಜಾಬರ್ ಬೈಗುಳದಾಂವ. ಸುಮ್ಮನಿದ್ದೆ. ಮೂರನೇ ದಿನ, ಎಳಿ ಹೊತ್ತು ಎಡಕ್ಕ ಬಲಕ್ಕ ಓಡೋ ಲಾಳಿ ಹೊರಗ ಸಿಡೀತು. ತನ್ನ ಮಗ್ಗದ ಲಾಳಿ ತನಗ ಬಡಿಯೂದಿಲ್ಲ, ಬಾಜೂಕ ಹೋಗ್ತದ. ಅದರ ಮೂತಿಗೆ ಕಬ್ಬಿಣ ಇರ್ತದ. ಬಾಜೂ ಮಗ್ಗದಾಕಿ ದಿನಾ ನನ್ನ ಕೂಡ ರೊಟ್ಟಿ ಉಣ್ಣಾಕಿ. ಆಕಿ ಎಡಗಣ್ಣು ಹೋತು. ದವಾಖಾನಿಯೊಳಗ ಕೇಳಿದಳು, "ಮಗ್ಗ ಮೊದಲ ಏನರ ಹೇಳಿತ್ತೇನ, ಅಕ್ಕ?" ಇಲ್ಲ ಅಂದೆ. ನಂಬಿದಳು.

ಸಂಜಿಗೆ ಸೊಸಿ ಬಂದಳು. ನಾಳಿಗೆ ಮಗ್ಗ ಹಚ್ಚಬ್ಯಾಡ ಅಂದೆ.

"ಬಟ್ಟಿ ಚೊಲೋ ಬರಾಕತ್ತದ, ಅತ್ತಿ. ಸುಮ್ಮಸುಮ್ಮನ ನಿಲ್ಲಿಸಿದ್ರ ಜಾಬರ್ ಬೈತಾನ."

"ನಾನೂ ಹಂಗೇ ಅಂದಿದ್ದೆ," ಅಂತ ಎಲ್ಲಾ ಹೇಳಿದೆ. ಈ ಮನ್ಯಾಗ ಅವತ್ತೇ ಮೊದಲು ಹೇಳಿದ್ದು. ಆಕಿ ನನ್ನ ಮಾರಿ ನೋಡಲಿಲ್ಲ.

ಮುಂಜಾನಿ ನಾನೂ ಆಕಿ ಕೂಡ ಹೋದೆ. ಪೆಟಿಗಿ ಸೆಲ್ ಮ್ಯಾಲೆ ನಡೀತದ, ಮಗನ ಹೆಡ್‌ಫೋನ್ ಕೂಡ ಚೀಲದಾಗ ಹಾಕ್ಕೊಂಡೆ. ಶುರು ಮಾಡೋ ಗುಂಡಿ ಮಗ ತೋರಿಸಿದ್ದ. ಶೆಡ್ಡಿನ ಬಾಗಿಲ ಹೊರಗ ಜಾಬರ್ ಅಂಗೈಯಾಗ ತಂಬಾಖು ತಿಕ್ಕತಿದ್ದ. ಸೊಸಿ ಮಗ್ಗ ಕುಂಟತದ ಅಂದು ಚೀಲದಿಂದ ಪೆಟಿಗಿ ತಗದೆ.

"ಮಗ್ಗ ನೋಡೀನಿ, ಮಾವಶಿ. ಏನೂ ಆಗಿಲ್ಲ. ಈ ವಯಸ್ಸಿನ್ಯಾಗ ಚೀಲದಾಗ ಬ್ಯಾಂಡ್ ಇಟ್ಟೀರೇನ್ರಿ?"

"ಬ್ಯಾಂಡ್ ನಿನ್ನ ಲಗ್ನದಾಗ ಬಾರಸ್ತೀನಿ. ಈಗ ಕಿವಿ ಕೊಡು."

ಹೆಡ್‌ಫೋನ್ ಅಂವನ ಕಿವಿಗೆ ಹಾಕಿ ಗುಂಡಿ ಒತ್ತಿದೆ. ಮೊದಲ ನಕ್ಕ. "ಮಗ್ಗ ಮಗ್ಗದಾಂಗ ಬಡೀತದ, ಮತ್ತೇನು." ಇನ್ನಷ್ಟು ಕೇಳು ಅಂದೆ. ಅದು ಸುತ್ತಿ ಸುತ್ತಿ ಬಂತು. ಒಂದು ಹೊತ್ತಿನ ಮ್ಯಾಲೆ ತಂಬಾಖು ತಿಕ್ಕೂದು ನಿಂತಿತು. ನಗೀನೂ ಹೋತು.

ಒಳಗ ಹೋಗಿ ಸೊಸಿ ಮಗ್ಗ ಬಿಚ್ಚಿದ. ಆಕಿ ಅದನ್ನ ಹಚ್ಚಿರಲಿಲ್ಲ. ಲಾಳಿಗೆ ಏಟು ಕೊಡೋ ಪಿಕರ್ ಒಳಗ ಸೀಳಿತ್ತು, ಹೊರಗ ಏನೂ ಕಾಣ್ತಿರಲಿಲ್ಲ.

"ಹೊಸಾದು ಹಾಕು," ಅಂದೆ.

ಅಂವ ಹಾಕಲಿಲ್ಲ. ಉಳಿದ ಮಗ್ಗದ ಸಾಲಿನ ಕಡೆ ನೋಡಕೋತ ನಿಂತ. ಹನ್ನೊಂದು ಮಗ್ಗ ನಡದಿದ್ದವು, ಒಂದೊಂದರ ಬಾಜೂಕ ಒಬ್ಬೊಬ್ಬಾಕಿ.

"ಎಲ್ಲಾಕೂ ಪಿಕರ್ ಒಂದೇ ದಿನ ಹಾಕೀನಿ, ಮಾವಶಿ. ಒಂದೇ ಡಬ್ಬಿಯೊಳಗಿನವು."

ಸೊಸಿ ಕೇಳಿದ್ದೇ ತಡ, ಬಾಜೂಕಿನ ಮಗ್ಗದ ಹ್ಯಾಂಡಲ್ ಎಳದಳು. ಆ ಮಗ್ಗದಾಕಿ ಬೈದಳು, ಇಕಿ ಮುಂದ ಹೋದಳು. ಜಾಬರ್ ಆ ತುದಿಯಿಂದ ಹೊಂಟ. ನನ್ನ ಮೊಣಕಾಲಿಗೆ ಓಡೂದು ಆಗೂದಿಲ್ಲ, ಬಾಗಿಲಿಗೆ ನಿಂತು ಎಣಿಸಿದೆ. ನಾಕು. ಏಳು. ಹತ್ತನೇದು ನಿಂತಾಗ ಉಳಿದದ್ದೊಂದೇ ಕೇಳಸ್ತಿತ್ತು. ಎಡಕ್ಕ ಖಟ್, ಬಲಕ್ಕ ತಡಾ ಮಾಡಿ ಖಟ್ಟ. ಅದನ್ನೂ ಸೊಸಿ ಎಳದಳು. ಯಾರಿಗೂ ಏನೂ ಆಗಲಿಲ್ಲ.

ಮೊದಲ ಬೈದಾಕಿ ನನ್ನ ಹತ್ತರ ಬಂದಳು. "ಏನಾತ್ರಿ, ಮಾವಶಿ? ಮಗ್ಗ ಏನರ ಹೇಳಿತೇನು?"

ಹೌದು ಅಂದೆ. ಆಕಿ ಎರಡೂ ಕಣ್ಣಲೇ ನನ್ನ ನೋಡಕೋತ ನಿಂತಳು. ವಿಜಾಪುರ ರಸ್ತೆದಾಗ ಮಗನ ಅಂಗಡಿ ಹಿಂದಿನ ಓಣ್ಯಾಗ ಇನ್ನೊಬ್ಬಾಕಿ ಇದ್ದಾಳ, ಒಂದೇ ಕಣ್ಣಿನಾಕಿ. ಆಕಿಗಿ ನಾ ಇವತ್ತಿನ ತನಕ ಹೇಳಿಲ್ಲ.

ಶೆಡ್ಡು ತಣ್ಣಗಾಗಿತ್ತು. ಹೊರಗ ಕಟ್ಟಿ ಮ್ಯಾಲೆ ಬಿಟ್ಟು ಬಂದ ಹೆಡ್‌ಫೋನಿನ್ಯಾಗ ಆ ಕುಂಟ ಮಗ್ಗ ಇನ್ನೂ ನಡದೇ ಇತ್ತು. ಮಗ ನಿಲ್ಲಿಸೋ ಗುಂಡಿ ತೋರಿಸಿರಲಿಲ್ಲ.