ಕಿಟಕಿಯ ಕೆಂಪು ಸೀರೆ

ಬೆಳಗಿನ ಸುಳ್ಯ ಬಸ್ಸು ನಮ್ಮ ಹೊಸ ಬಾಡಿಗೆ ಮನೆಯ ಮುಂದೆ ಗಕ್ಕನೆ ನಿಂತು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಹಲ್ಲುಜ್ಜುತ್ತಿದ್ದ ನನ್ನವರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಅಂಗಳಕ್ಕೆ ಓಡಿದರು. ಹಿಂದೆಯೇ ನಾನು.

"ನರ್ಸಮ್ಮ ಎಲ್ಲಿ ಮಾರಾಯ್ರೆ? ಬೇಗ ಬರ್ಲಿಕ್ಕೆ ಹೇಳಿ!" ಎಂದ ಕಂಡಕ್ಟರ್.

"ಅವರು ಮನೆ ಬಿಟ್ಟು ಹೋದ್ರು. ಈಗ ನಾವಿರುದು," ಎಂದೆ.

"ಮತ್ತೆ ಕಿಟಕಿಯಲ್ಲಿ ಕೆಂಪು ಬಟ್ಟೆ ಉಂಟಲ್ಲ?"

ಅದು ನನ್ನ ಹಳೆಯ ಸೀರೆ! ಎಂಬತ್ತರ ದಶಕದ ಮಾತು. ಕಲ್ಲುಗುಂಡಿಯಲ್ಲಿ ರಸ್ತೆಗೆ ತಾಗಿಕೊಂಡೇ ಇದ್ದುದರಿಂದ ಅಗ್ಗಕ್ಕೆ ಸಿಕ್ಕಿದ ಮನೆ. ಪರದೆ ಕೊಳ್ಳುವ ಶಕ್ತಿಯಿಲ್ಲದೆ ಹಿಂದಿನ ಸಂಜೆಯಷ್ಟೇ ಸೀರೆ ಕಟ್ಟಿ, ಎಷ್ಟು ಚಂದ ಎಂದು ಬೀಗಿದ್ದೆ. ನಮಗಿಂತ ಮೊದಲು ಅಲ್ಲಿದ್ದ ನರ್ಸಮ್ಮ, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಅದೇ ಕಿಟಕಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರಂತೆ. ಅದು ಕಂಡರೆ ಬಸ್ಸು ನಿಲ್ಲಲೇಬೇಕು! ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೀರೆ ಬಿಚ್ಚಿ, ನನ್ನವರ ಹಳೆಯ ಪಂಚೆ ಕಟ್ಟಿದೆ.

ಮರುವರ್ಷ ನನಗೇ ನೋವು ಶುರುವಾದ ಬೆಳಿಗ್ಗೆ ನನ್ನವರು ಪೆಟ್ಟಿಗೆಯಿಂದ ಆ ಸೀರೆಯನ್ನು ಹುಡುಕಿ ತೆಗೆದು ಕಿಟಕಿಗೆ ಕಟ್ಟಿದರು. ಬಸ್ಸು ಬಂತು, ನಿಂತಿತು. ನಾನು ನಿಧಾನವಾಗಿ ಹತ್ತಿ ಕೂರುವವರೆಗೂ ಒಂದೇ ಒಂದು ಸಲ ಹಾರ್ನ್ ಹೊಡೆಯಲಿಲ್ಲ.