ಮರಳಿನ ಚೀಲ ಎಳೆದ ಬುಲ್ ಟೆರಿಯರ್ ಮರಿ

೧೯೬೨ರ ಜೂನ್ ೧೦, ಭಾನುವಾರ, ಬೆಳಗ್ಗೆ ಒಂಬತ್ತೂಕಾಲು. ಹರಿಹರದಿಂದ ಬಂದ ನನ್ನ ಸೋದರಮಾವ, ಟವೆಲ್ಲಿನಲ್ಲಿ ಸುತ್ತಿದ್ದ ಎರಡು ತಿಂಗಳ ಮರಿಯನ್ನು ದಾವಣಗೆರೆಯ ನಮ್ಮ ಪಡಸಾಲೆಯಲ್ಲಿ ಇಳಿಸಿದ. ಹರಿಹರದ ಕಾರ್ಖಾನೆಯ ಅಧಿಕಾರಿಯೊಬ್ಬರ ಮನೆಯಲ್ಲಿ ಹುಟ್ಟಿದ ಐದರಲ್ಲಿ ಇದೊಂದು. ಬಿಳಿ ಮೈ, ಮೊಟ್ಟೆಯಂಥ ತಲೆ. ಪಕ್ಕದ ಮಂಡಿಯ ತಕ್ಕಡಿಯಲ್ಲಿ ಐದು ಕಿಲೋ ತೂಗಿತು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದುಕೊಂಡೆ. ಆಗ ನನಗೆ ಹದಿನೇಳು.

ಮಾವ ಪೈಲ್ವಾನ. ಹಿಂದಿನ ವರ್ಷ ಕುಸ್ತಿಯಲ್ಲಿ ಸೋತ ಮೇಲೆ ಕಣಕ್ಕೆ ಇಳಿದಿರಲಿಲ್ಲ. ಮರಿಯ ಎದೆಯ ಅಗಲ ನೋಡಿ, "ಇದು ಹುಟ್ಟಾ ಪೈಲ್ವಾನ" ಅಂದ. ಹಾಲು, ತುಪ್ಪ, ಅರೆದ ಬಾದಾಮಿ ಶುರುವಾಯಿತು.

"ಆ ಬಾದಾಮಿ ನೀನು ತಿಂದಿದ್ರೆ ನಿನ್ನ ಬೆನ್ನಿಗೆ ಮಣ್ಣು ಹತ್ತತಿರ್ಲಿಲ್ಲ" ಅಂದಳು ಅಜ್ಜಿ.

"ಇರ್ಲಿ ಬಿಡವ್ವಾ, ಇದರ ಬೆನ್ನಿಗೆ ಹತ್ತಲ್ಲ."

ಜುಲೈಯಲ್ಲಿ ಮರಿಯನ್ನು ಗರಡಿಯ ಹಿಂದಿನ ಅಂಗಳಕ್ಕೆ ಒಯ್ದು ಅಲ್ಲೇ ಇರಿಸಿಕೊಂಡ. ಗರಡಿಗೆ ಹೆಣ್ಣುಮಕ್ಕಳು ಹೋಗುವಂತಿಲ್ಲ. ಹಿಂದಿನ ಅಂಗಳಕ್ಕೂ ಇಲ್ಲ. ಅಲ್ಲಿ ಅದರ ಎದೆಗೆ ಪಟ್ಟಿ ಕಟ್ಟಿ ಮರಳಿನ ಚೀಲ ಎಳೆಸುತ್ತಿದ್ದ. ದಿನಾ ಸಂಜೆ ಮನೆ ಬಾಗಿಲಲ್ಲಿ ನಿಂತು ಲೆಕ್ಕ ಕೂಗುತ್ತಿದ್ದ.

"ಇವತ್ತು ನಾಕು ಕಿಲೋ, ಹತ್ತು ಸುತ್ತು. ಬರ್ಕಾ."

"ನಿನ್ನೆ ಹನ್ನೆಲ್ಡು ಸುತ್ತಿತ್ತಲ್ಲ ಮಾವ?"

ಅವನು ಕಾಲು ತೊಳೆಯಲು ಹೋದ. ಮಾರನೆಯ ದಿನ ಹದಿನಾಲ್ಕು ಅಂದ. ಆ ಸಾಲಿನ ಪಕ್ಕ ನಾನು ನಕ್ಷತ್ರ ಬರೆದಿದ್ದೇನೆ, ಈಗಲೂ ಇದೆ.

ಅಕ್ಟೋಬರ್ ಕೊನೆಗೆ ಚೀಲ ಹನ್ನೊಂದು ಕಿಲೋ. ಪ್ರತಿ ಭಾನುವಾರ ತೂಕಕ್ಕೆ ತರುವಾಗ ಮಾವ ನಾಯಿಯನ್ನು ಹೆಗಲ ಮೇಲೆ ಹೊತ್ತು ತರತೊಡಗಿದ್ದ. ಓಣಿಯವರಿಗೆ ತೋರಿಸಲಿಕ್ಕೆ ಅಂದುಕೊಂಡೆವು. ತಕ್ಕಡಿಯಿಂದ ಇಳಿಸಿದರೆ ಕೂತೇ ಇರುತ್ತಿತ್ತು. ತೂಕ ಇಪ್ಪತ್ನಾಲ್ಕು ಮುಟ್ಟಿದ ಸಂತೋಷದಲ್ಲಿ, ನಡೆಯುತ್ತದೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಮುಂಗಾಲಿನ ಕೀಲು ಉಬ್ಬಿದ್ದನ್ನು ಕಂಡು ಅಪ್ಪ, "ಮಣಿಕಟ್ಟು ನೋಡು, ಪೈಲ್ವಾನಂದೇ ಐತೆ" ಅಂದರು.

ನವೆಂಬರ್ ೪ರಂದು ಅದು ಏಳಲೇ ಇಲ್ಲ. ಉಳುಕಿರಬೇಕೆಂದು ಹದಿನೈದು ದಿನದಿಂದ ಎಣ್ಣೆ ತಿಕ್ಕುತ್ತಿದ್ದೇನೆಂದು ಮಾವ ಅವತ್ತು ಒಪ್ಪಿಕೊಂಡ. ಹತ್ತಿ ಹೇರಿದ ಲಾರಿಯೊಂದರಲ್ಲಿ ಹರಿಹರಕ್ಕೆ, ನಿವೃತ್ತರಾಗಿದ್ದ ದನದ ಡಾಕ್ಟರೊಬ್ಬರ ಮನೆಗೆ ಹೋದೆವು. ಅವರು ಕಾಲು ಒತ್ತಿ ನೋಡಿದರು. ಅದು ಕಚ್ಚಲಿಲ್ಲ, ನಡುಗಿತು. ಆಮೇಲೆ ನನ್ನ ಪುಸ್ತಕ ಇಸಿದುಕೊಂಡರು.

"ಚೆಂದ ಬರ್ದೀಯಮ್ಮ. ಕುಂಟೋಕೆ ಶುರು ಮಾಡಿದ್ದು ಯಾವತ್ತು? ಅದೆಲ್ಲೈತೆ?"

"ನಾನು ನೋಡಿಲ್ಲ ಸರ್. ಹೇಳಿದ್ದನ್ನ ಬರೆದೆ."

ವರ್ಷ ತುಂಬುವವರೆಗೆ ಎಲುಬು ಹಸಿಯಾಗಿರುತ್ತದೆ, ಅಷ್ಟು ಮೈ ಬೆಳೆಸಿ ಭಾರ ಎಳೆಸಬಾರದಿತ್ತು ಎಂದರು. ಮಾವನ ಮುಖ ನೋಡಿ, ಹುಟ್ಟಿನಿಂದಲೇ ದೋಷ ಇದ್ದರೂ ಇರಬಹುದು, ಒಡಹುಟ್ಟಿದ ಮರಿಗಳನ್ನು ಕಂಡರೆ ಹೇಳಬಹುದಿತ್ತು ಎಂದರು. ವಿಚಾರಿಸಲು ಹೋದರೆ ಅಧಿಕಾರಿಗೆ ವರ್ಗವಾಗಿತ್ತು. ಮರಿಗಳು ಯಾರ್‍ಯಾರ ಪಾಲಾದವೋ ತಿಳಿಯಲಿಲ್ಲ.

ನಾಲ್ಕು ವರ್ಷವಾಯಿತು. ನಾಯಿ ಬದುಕಿದೆ. ಮುಂದಿನ ಎಡಗಾಲು ಊರುವುದಿಲ್ಲ, ಚಳಿಯಲ್ಲಿ ಬಲಗಾಲೂ ಸೋಲುತ್ತದೆ. ಮೆಟ್ಟಿಲು ಬಂದಲ್ಲಿ ಮಾವನೇ ಎತ್ತುತ್ತಾನೆ. ಗರಡಿ ಬಿಟ್ಟಿದ್ದಾನೆ. ಈಚೆಗೆ ಒಂದು ದಿನ ಅದರ ಬಟ್ಟಲು ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದ: "ನಾನೇ ಮಾಡಿದ್ನೇನೇ?"

ಉತ್ತರ ಕೊಡಲು ನನ್ನ ಪುಸ್ತಕದಲ್ಲಿ ಏನೂ ಇಲ್ಲ. ೧೯೬೨ರ ಬೇಸಿಗೆಯಲ್ಲಿ ಹರಿಹರದಿಂದ ಬಿಳಿ ಬುಲ್ ಟೆರಿಯರ್ ಮರಿ ತಂದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ: ನಿಮ್ಮದು ನಾಲ್ಕೂ ಕಾಲಿನ ಮೇಲೆ ನಡೆಯಿತೇ? ಯಾವ ಉತ್ತರ ಬಂದರೂ ಮಾವನಿಗೆ ಓದಿ ಹೇಳುತ್ತೇನೆ.