ಕುಸುಬೆ ಮುಳ್ಳು

ಆಗ ನನಗೆ ಇಪ್ಪತ್ತೊಂಬತ್ತು. ಐವತ್ತು ವರ್ಷದ ಹಿಂದಿನ ಮಾತು. ಅಕ್ಕಲಕೋಟ ತಾಲೂಕಿನ ನಮ್ಮ ಮನೆಯಲ್ಲಿ ಹಿರೇ ಸೊಸೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎನ್ನುತ್ತಿದ್ದೆ. ಅವಳ ಕಂಕುಳಲ್ಲಿ ಗಂಟು ಎದ್ದಿತು.

ಕೈಗೆ ಗಾಯವಾದರೆ ಕಂಕುಳಲ್ಲಿ ಗಂಟು ಏಳುತ್ತದೆ, ಗಾಯ ಮಾಯ್ದರೆ ಅದೂ ಇಳಿಯುತ್ತದೆ. ಅದಕ್ಕೆ ನಮ್ಮಲ್ಲಿ ಅವಧಾಣ ಎನ್ನುತ್ತಾರೆ.

"ಅವಧಾಣ ಐತಿ. ಕೈಯಾಗ ಮುಳ್ಳ ಮುರದೈತೇನು ನೋಡು," ಎಂದಳು ಅತ್ತೆ.

ಸೂಜಿ ಹಿಡಿದು ಕುಳಿತವಳು ನಾನೇ. ಕುಸುಬೆ ಕೊಯ್ದ ಕೈ, ಮುಳ್ಳು ಸಿಗದೆ ಇರುತ್ತದೆಯೇ? ಎರಡು ತೆಗೆದೆ. ಅರಿಸಿನ ಹಚ್ಚಿದೆ. ಬೆರಳು ಮಾಯಿತು, ಗಂಟು ಇಳಿಯಲಿಲ್ಲ. ಆಮೇಲೆ ಬೆನ್ನು ನೋವು. ಕೊಡ ಹೊತ್ತದ್ದಕ್ಕೆ ಎಂದೆವು. ಕುಳಿತಲ್ಲಿಂದ ಏಳಲು ಇಬ್ಬರು ಹಿಡಿಯಬೇಕಾದಾಗ ಎಸ್‌ಟಿ ಬಸ್ಸು ಹತ್ತಿಸಿ ಸೊಲ್ಲಾಪುರಕ್ಕೆ ಕರೆದೊಯ್ದೆ.

ಡಾಕ್ಟರಬಾಯಿ ಕುಪ್ಪಸ ಬಿಚ್ಚಿಸಿದರು. ಎಡಮೊಲೆ ಒಳಕ್ಕೆ ಸೆಳೆದು ಕಲ್ಲಾಗಿತ್ತು.

"ಎಷ್ಟ್ ದಿನ ಆತವ್ವಾ?"

"ಹ್ವಾದ ದೀಪಾವಳಿಗೆ ಕಡ್ಲಿಯಷ್ಟಿತ್ರಿ. ಯಾರಿಗೆ ತೋರಸ್ಲಿ?"

ಒಂದೇ ಮನೆ. ವಾರಕ್ಕೊಮ್ಮೆ ಅವಳ ಬೆನ್ನು ತಿಕ್ಕುತ್ತಿದ್ದವಳು ನಾನು. ಬೆನ್ನು ಮಾತ್ರ.

ಡಾಕ್ಟರಬಾಯಿ ನನ್ನನ್ನು ಹೊರಗೆ ಕರೆದರು. "ಎದಿಯೊಳಗಿನ ಕಣಾನ ಕೆಟ್ಟು, ಅಳತಿ ಮರ್ತು ಬೆಳದಾವ. ಅಲ್ಲಿಂದ ಹರದು ಕಂಕುಳಿಗೆ ಹೋಗ್ಯಾವ, ಬೆನ್ನೆಲುಬಿನ್ಯಾಗ ಕುಂತಾವ. ಎಲುಬಿನ್ಯಾಗ ಇರೂದೂ ಎದಿ ಬ್ಯಾನಿನ."

"ಕರಿಕಿ ಹುಲ್ಲಿನಂಗೇನ್ರಿ? ಗೆಣ್ಣಿಗೊಂದು ಬೇರು?"

"ಹಂಗ. ಕಡ್ಲಿಯಷ್ಟಿದ್ದಾಗ ಬಂದಿದ್ರ ಕೊಯ್ದು ನೋಡ್ತಿದ್ದೆ. ಈಗ ನೋವು ಕಡಿಮಿ ಮಾಡಾಕ ಗುಳಿಗಿ ಕೊಡ್ತೀನಿ, ಅಷ್ಟ."

ತಿರುಗಿ ಬರುವಾಗ ಹಿಂದಿನ ಸೀಟಿನಲ್ಲಿ ಅವಳನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಕೇಳಿದಳು, "ಏನಂದ್ರು?"

"ಮುಳ್ಳಲ್ಲ ಅಂದ್ರು."

"ನನಗ ಗೊತ್ತಿತ್ತು. ನೀ ಸೂಜಿ ಹಿಡ್ಕೊಂಡು ಅಷ್ಟ್ ಮನಸಿಟ್ಟು ಕುಂತಿದ್ದಿ, ಹೆಂಗ ಹೇಳ್ಲಿ?"

ನಾನು ಅಳಲಿಲ್ಲ. ಸಿಟ್ಟು ಬಂದಿತ್ತು. ಅವಳ ಮೇಲೋ ನನ್ನ ಮೇಲೋ, ಈಗಲೂ ಹೇಳಲಾರೆ. ಮುಂದಿನ ಕುಸುಬೆಗೆ ಅವಳು ಉಳಿಯುವುದಿಲ್ಲ ಎಂದು ತಿಳಿದಿತ್ತು, ಉಳಿಯಲೂ ಇಲ್ಲ.

ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ನನ್ನ ಎರಡೂ ಮೊಲೆ, ಎರಡೂ ಕಂಕುಳು ಒತ್ತಿ ನೋಡಿಕೊಂಡೆ. ಏನೂ ಇರಲಿಲ್ಲ. ಸೀರೆ ಸುತ್ತಿಕೊಂಡು ಹೊರಗೆ ಬಂದು ಅತ್ತೆಯ ಕೈ ಹಿಡಿದೆ.

"ಒಳಗ ಬರ್ರಿ. ಕುಪ್ಸ ಬಿಚ್ರಿ."

"ಹುಚ್ಚ್ ಹಿಡದೈತೇನ ನಿನಗ? ಮುದುಕಿ ಮೈಯಾಗ ನೋಡೂದೇನೈತಿ?"

"ಅದನ್ನ ನೋಡೂದೈತಿ," ಎಂದು ಒಳಗೆಳೆದುಕೊಂಡು ಅಗಳಿ ಹಾಕಿದೆ.